ಮಾಲ್ಕಮ್ ಮತ್ತು ಹೆಡ್ಜ್‌ಹಾಗ್: ಸೇನಾ ನೆಲೆಯ ವಿದ್ಯುತ್ ಜಾಲ ಕಾಯಲು ಎಷ್ಟರಮಟ್ಟಿಗೆ ಒದಗುತ್ತವೆ?

ಸೇನಾ ನೆಲೆಯೊಂದರ ವಿದ್ಯುತ್ ನಿಯಂತ್ರಣ ಜಾಲ ವರ್ಷದ ಬಹುಪಾಲು ದಿನ ಒಂದೇ ರಾಗ ಹಾಡುತ್ತಿರುತ್ತದೆ. ಕಂಟ್ರೋಲ್ ರೂಮಿನ ಸರ್ವರ್ ಕೆಲವು ಸೆಕೆಂಡಿಗೊಮ್ಮೆ ಪ್ರತಿ ರಿಲೇಯನ್ನೂ (ದೋಷ ಕಂಡಾಗ ಬ್ರೇಕರ್ ತೆರೆಸುವ ಉಪಕರಣ) ಮೀಟರನ್ನೂ ವಿಚಾರಿಸುತ್ತದೆ, ಅವು ಉತ್ತರ ಕೊಡುತ್ತವೆ, ಅಷ್ಟೇ. ಹೊರಗಿನ ಗ್ರಿಡ್ ಕೈಕೊಟ್ಟ ದಿನ ಮಾತ್ರ ಎಲ್ಲವೂ ಬದಲಾಗುತ್ತದೆ: ಮುಖ್ಯ ಬ್ರೇಕರ್ ಬಿಚ್ಚುತ್ತದೆ, ಡೀಸೆಲ್ ಜನರೇಟರ್‌ಗಳು ಎದ್ದು ಕೂರುತ್ತವೆ, ಅಷ್ಟೇನೂ ಮುಖ್ಯವಲ್ಲದ ಫೀಡರ್‌ಗಳು (ವಿದ್ಯುತ್ ಹಂಚುವ ಸಾಲುಗಳು) ಸಾಲಾಗಿ ಕಡಿತಗೊಳ್ಳುತ್ತವೆ, ಬ್ಯಾಟರಿ ಇನ್ವರ್ಟರ್‌ಗಳು ಬೇರೆಯೇ ಆದೇಶ ಪಡೆಯುತ್ತವೆ. ಈ ಎರಡೂ ರಾಗಗಳನ್ನು ಕೇಳಿ ಬಲ್ಲ ಕಾವಲು ಸಾಧನಕ್ಕೆ ಮಾತ್ರ ಅಪಸ್ವರ ಯಾವುದೆಂದು ತಿಳಿಯುತ್ತದೆ. ಮಾಲ್ಕಮ್ ಅಂಥ ಸಾಧನವಾಗಬಲ್ಲದು, ಆದರೆ ತಾನಾಗಿಯೇ ಆಗುವುದಿಲ್ಲ. ಎರಡನೇ ರಾಗವನ್ನು ನಾವೇ ಕೇಳಿಸಬೇಕು.

ಮೊದಲು ಇದು ಏನೆಂದು ನೋಡೋಣ. ಅಮೆರಿಕದ ಇಡಾಹೊ ನ್ಯಾಷನಲ್ ಲ್ಯಾಬೊರೇಟರಿ, ಅಲ್ಲಿನ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯಾದ ಸಿಐಎಸ್‌ಎ ಜೊತೆಗೂಡಿ ಕಟ್ಟಿದ ಮುಕ್ತ ತಂತ್ರಾಂಶ ಮಾಲ್ಕಮ್. ಲೈಸೆನ್ಸ್ ಶುಲ್ಕ ಇಲ್ಲ. ಈಗಾಗಲೇ ಪಳಗಿದ ಸಾಧನಗಳನ್ನು ಇದರಲ್ಲಿ ಒಂದೇ ಸೂರಿನಡಿ ಜೋಡಿಸಿದ್ದಾರೆ: ಪ್ಯಾಕೆಟ್‌ಗಳನ್ನು ಓದಿ ಲಾಗ್ ಬರೆಯಲು ಝೀಕ್, ಗೊತ್ತಿರುವ ದಾಳಿಗಳ ಗುರುತು ಹಿಡಿಯಲು ಸುರಿಕಾಟ, ಮೂಲ ಪ್ಯಾಕೆಟ್‌ಗಳಲ್ಲಿ ಹುಡುಕಲು ಆರ್ಕಿಮಿ, ಎಲ್ಲವನ್ನೂ ಶೇಖರಿಸಿ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸಲು ಓಪನ್‌ಸರ್ಚ್, ಉಪಕರಣಗಳ ಪಟ್ಟಿಗೆ ನೆಟ್‌ಬಾಕ್ಸ್. ಇವೆಲ್ಲ ಡಾಕರ್ ಕಂಟೇನರ್‌ಗಳಾಗಿ ಓಡುತ್ತವೆ. ಹೆಡ್ಜ್‌ಹಾಗ್ ಎಂಬುದು ಜೊತೆಗೆ ಬರುವ ಸೆನ್ಸರ್. ಸಬ್‌ಸ್ಟೇಷನ್‌ನಲ್ಲೋ ಜನರೇಟರ್ ಕೋಣೆಯಲ್ಲೋ ಕೂತು ಪ್ಯಾಕೆಟ್ ಹಿಡಿದು ಲಾಗ್‌ಗಳನ್ನು ಮಾಲ್ಕಮ್‌ಗೆ ಕಳಿಸುವುದು ಅದರ ಕೆಲಸ.

ಇದರ ದೊಡ್ಡ ಗುಣವೆಂದರೆ ಇದು ಕೇವಲ ಕೇಳುತ್ತದೆ. ನಿಯಂತ್ರಣ ಜಾಲಕ್ಕೆ ಒಂದೇ ಒಂದು ಪ್ಯಾಕೆಟ್ಟನ್ನೂ ಕಳಿಸುವುದಿಲ್ಲ. ಕಚೇರಿ ಜಾಲದಲ್ಲಿ ನಡೆಸುವಂತೆ ಇಲ್ಲಿ ಪೋರ್ಟ್ ಸ್ಕ್ಯಾನ್ ಮಾಡಿದರೆ ಹಳೆಯ ರಿಲೇಗಳು, ಪಿಎಲ್‌ಸಿಗಳು (ಯಂತ್ರ ನಡೆಸುವ ಪುಟ್ಟ ಕೈಗಾರಿಕಾ ಕಂಪ್ಯೂಟರ್‌ಗಳು) ತಡವರಿಸಿ ನಿಂತುಬಿಡುವ ಸಂಭವವಿದೆ. ವಿದ್ಯುತ್ ಜಾಲದಲ್ಲಿ ಆ ಅಪಾಯ ಯಾರಿಗೂ ಬೇಡ.

ಯಂತ್ರದ ಮಾತು. 16 ಕೋರ್, 32 ಜಿಬಿ ರಾಮ್ ಇಲ್ಲದೆ ಕೂರಬೇಡಿ. ಅದಕ್ಕಿಂತ ಕಡಿಮೆಯಲ್ಲೂ ಏಳುತ್ತದೆ, ಆದರೆ ಓಪನ್‌ಸರ್ಚ್ ಮತ್ತು ಅದಕ್ಕೆ ಲಾಗ್ ತಲುಪಿಸುವ ಲಾಗ್‌ಸ್ಟ್ಯಾಶ್ ರಾಮ್‌ಗಾಗಿ ಕಿತ್ತಾಡಿ ಲಾಗ್‌ಗಳು ಹಿಂದೆ ಬೀಳುತ್ತವೆ. ಓಪನ್‌ಸರ್ಚ್‌ಗೆ ಮೀಸಲಿಡುವ ಮೆಮೊರಿ (ಹೀಪ್) ಒಟ್ಟು ರಾಮ್‌ನ ಅರ್ಧ ಮೀರಬಾರದು, ರಾಮ್ ಎಷ್ಟೇ ಇದ್ದರೂ 31 ಜಿಬಿ ದಾಟಬಾರದು. ಡಿಸ್ಕ್ ಲೆಕ್ಕ ಸರಳ: ಸೆಕೆಂಡಿಗೆ ಸರಾಸರಿ 5 ಮೆಗಾಬಿಟ್ ಓಡುವ ನಿಯಂತ್ರಣ ಜಾಲ ದಿನಕ್ಕೆ 54 ಜಿಬಿ ಪ್ಯಾಕೆಟ್ ತುಂಬುತ್ತದೆ, 90 ದಿನ ಇಟ್ಟುಕೊಳ್ಳಲು ಸುಮಾರು 4.9 ಟಿಬಿ. ಆದರೆ ಅದೇ ಸ್ವಿಚ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳೂ ಇದ್ದು, ಅವುಗಳ 200 ಮೆಗಾಬಿಟ್ ಮಿರರ್ ಪೋರ್ಟಿಗೆ (ಸ್ವಿಚ್ ತನ್ನಲ್ಲಿ ಓಡುವ ಪ್ಯಾಕೆಟ್‌ಗಳ ಪ್ರತಿಯನ್ನು ಸೆನ್ಸರ್‌ಗೆ ಕೊಡುವ ಪೋರ್ಟ್) ಸೇರಿಕೊಂಡರೆ ದಿನಕ್ಕೆ 2 ಟಿಬಿ ದಾಟುತ್ತದೆ, ವಾರದೊಳಗೆ ಡಿಸ್ಕ್ ಭರ್ತಿ. ಕ್ಯಾಮೆರಾ ವಿಎಲ್ಯಾನ್ (ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ) ಅನ್ನು ಮಿರರ್‌ನಿಂದಲೇ ತೆಗೆಯಿರಿ, ಆಗದಿದ್ದರೆ ಸೆನ್ಸರ್‌ನ ಕ್ಯಾಪ್ಚರ್ ಫಿಲ್ಟರ್‌ನಲ್ಲಿ ಕೈಬಿಡಿ. ಜಾಗ ಕಡಿಮೆಯಾದಾಗ ಹಳೆಯ ಪ್ಯಾಕೆಟ್ ಮತ್ತು ಇಂಡೆಕ್ಸ್ ಅಳಿಸಬೇಕೇ ಎಂದು ಸ್ಥಾಪನೆಯ ವೇಳೆ ಕೇಳುತ್ತದೆ. ಹೌದು ಎನ್ನಿ. ಇಲ್ಲವಾದರೆ ಡಿಸ್ಕ್ ತುಂಬಿದ ರಾತ್ರಿಯಿಂದ ಹೊಸ ಲಾಗ್ ಬರುವುದು ನಿಲ್ಲುತ್ತದೆ, ಹಳೆಯ ಡ್ಯಾಶ್‌ಬೋರ್ಡ್ ಮಾತ್ರ ಚೆಂದವಾಗಿ ಕಾಣುತ್ತಲೇ ಇರುತ್ತದೆ.

ಪ್ಯಾಕೆಟ್ಟನ್ನು ಜಾಲದಿಂದ ಹೊರತೆಗೆಯುವ ಬಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಸ್ವಿಚ್‌ನ ಮಿರರ್ ಪೋರ್ಟ್ ಸುಲಭ, ಆದರೆ 1 ಗಿಗಾಬಿಟ್ ಲಿಂಕ್ ಎರಡೂ ದಿಕ್ಕಿನಲ್ಲಿ ತುಂಬಿದರೆ 2 ಗಿಗಾಬಿಟ್ ಆಗುತ್ತದೆ, ಮಿರರ್ ಪೋರ್ಟ್ 1 ಗಿಗಾಬಿಟ್ ಮಾತ್ರ ಹೊರಗೆ ಬಿಡುತ್ತದೆ. ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಟ್ಯಾಪ್ (ಲಿಂಕ್‌ನ ನಡುವೆ ಕೂತು ಪ್ರತಿ ತೆಗೆಯುವ ಸಾಧನ) ಹಾಕಿದರೆ ಈ ನಷ್ಟವಿಲ್ಲ. ಫೈಬರ್ ಟ್ಯಾಪ್‌ಗೆ ಕರೆಂಟೇ ಬೇಡ, ಆದರೆ 50/50 ಹಂಚಿಕೆಯದ್ದು 3 ಡೆಸಿಬೆಲ್‌ಗಿಂತ ಹೆಚ್ಚು ಬೆಳಕು ತಿನ್ನುತ್ತದೆ, ಹಳೆಯ ಉದ್ದದ ಲಿಂಕ್‌ಗಳಲ್ಲಿ ಮೊದಲೇ ಅಳತೆ ಮಾಡಿ. ಗಿಗಾಬಿಟ್ ತಾಮ್ರದ ಟ್ಯಾಪ್ ಬಗ್ಗೆ ವಿಶೇಷ ಎಚ್ಚರ ಬೇಕು: ಅದರ ಕರೆಂಟ್ ಹೋದಾಗ ಒಳಗಿನ ರಿಲೇ ಹೊರಳಿ ಎರಡೂ ಬದಿ ಮತ್ತೆ ಲಿಂಕ್ ಹೊಂದಿಸಿಕೊಳ್ಳುವವರೆಗೆ ಸಂಪರ್ಕ ಕಡಿದಿರುತ್ತದೆ. ರಕ್ಷಣಾ ರಿಲೇಗಳ ನಡುವಿನ ತಂತಿಯಲ್ಲಿ ಅದನ್ನು ಇಡಲೇಬಾರದು. ಸೆನ್ಸರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುವ ಆಫ್‌ಲೋಡ್ ಸೌಲಭ್ಯಗಳನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ತಂತಿಯಲ್ಲಿ ಹೋಗದ ದೈತ್ಯ ಪ್ಯಾಕೆಟ್‌ಗಳು ಲಾಗ್‌ನಲ್ಲಿ ಕಾಣುತ್ತವೆ.

ಸ್ಥಾಪನೆ ಪ್ರಶ್ನೋತ್ತರದ ರೂಪದಲ್ಲಿದೆ, ಒಂದು ಮಧ್ಯಾಹ್ನದ ಕೆಲಸ. ಉತ್ತರಿಸುವಾಗ ಒಂದು ವಿಷಯ ನೆನಪಿರಲಿ: ಹೊರಗಿನ ಜಗತ್ತನ್ನು ಕೇಳುವ ಯಾವ ಆಯ್ಕೆಯೂ ಸೇನಾ ಜಾಲದಲ್ಲಿ ಬೇಡ. ಐಪಿ ವಿಳಾಸಗಳಿಗೆ ಡಿಎನ್‌ಎಸ್ ಹೆಸರು ಹುಡುಕುವುದು, ಕಡತಗಳ ಹ್ಯಾಶ್ ಅನ್ನು ಆನ್‌ಲೈನ್ ಸೇವೆಗೆ ಕೇಳುವುದು ಎಲ್ಲಕ್ಕೂ ಇಲ್ಲ ಎನ್ನಿ. ನೀವು ಯಾವ ಕಡತದ ಬಗ್ಗೆ ಅನುಮಾನಪಟ್ಟಿದ್ದೀರಿ ಎಂಬುದೇ ಎದುರಾಳಿಗೆ ಬೇಕಾದ ಸುದ್ದಿ. ಕೈಗಾರಿಕಾ ಪ್ರೋಟೋಕಾಲ್‌ಗಳ (ಉಪಕರಣಗಳು ಪರಸ್ಪರ ಮಾತಾಡುವ ಭಾಷೆಗಳ) ವಿಶ್ಲೇಷಣೆಗೆ ಮಾತ್ರ ಹೌದು ಎನ್ನಿ.

ಈ ವಿಶ್ಲೇಷಣೆಯೇ ಮಾಲ್ಕಮ್‌ನ ಜೀವಾಳ. ಇಡಾಹೊ ಪ್ರಯೋಗಾಲಯದವರೇ ಝೀಕ್‌ಗಾಗಿ ಬರೆದ ಕೈಗಾರಿಕಾ ಪಾರ್ಸರ್‌ಗಳು (ಪ್ರೋಟೋಕಾಲ್ ಬಿಡಿಸಿ ಓದುವ ತುಣುಕುಗಳು) ಇದರೊಳಗೆ ಕೂತಿವೆ. ಡಿಎನ್‌ಪಿ3, ಮಾಡ್‌ಬಸ್, ಬ್ಯಾಕ್‌ನೆಟ್, ಎಸ್7, ಓಪಿಸಿ ಯುಎ, ಸಿಂಕ್ರೋಫೇಸರ್ ಈ ಎಲ್ಲ ಪ್ರೋಟೋಕಾಲ್‌ಗಳನ್ನೂ ಆಳವಾಗಿ ಬಿಡಿಸುತ್ತದೆ. ನೆಲೆಯೊಂದರ ವಿದ್ಯುತ್, ಬಿಸಿನೀರು, ಇಂಧನ ಪಂಪ್, ಕಟ್ಟಡ ನಿರ್ವಹಣೆ ಎಲ್ಲವೂ ಸಾಮಾನ್ಯವಾಗಿ ಇವುಗಳಲ್ಲೇ ಮಾತಾಡುತ್ತವೆ.

ಹತ್ತಿರದಿಂದ ಒಂದು ಸಾಲನ್ನೇ ನೋಡಿ. ಡಿಎನ್‌ಪಿ3 ನಿಯಂತ್ರಣ ಲಾಗ್‌ನ ಒಂದು ದಾಖಲೆಯಲ್ಲಿ ಆದೇಶ ಕೊಟ್ಟ ಯಂತ್ರದ ವಿಳಾಸ, ಪಡೆದ ರಿಲೇಯ ವಿಳಾಸ, ಕ್ರಿಯೆ ಸೆಲೆಕ್ಟೋ (ಪಾಯಿಂಟ್ ಆಯ್ಕೆ) ಆಪರೇಟೋ (ಆದೇಶ ಜಾರಿ) ಎಂಬುದು, ಪಾಯಿಂಟ್ ಸಂಖ್ಯೆ, ಟ್ರಿಪ್ (ಬ್ರೇಕರ್ ತೆರೆ) ಅಥವಾ ಕ್ಲೋಸ್ (ಮುಚ್ಚು), ಎಷ್ಟು ಬಾರಿ, ಎಷ್ಟು ಮಿಲಿಸೆಕೆಂಡ್ ಪಲ್ಸ್, ರಿಲೇ ಕೊಟ್ಟ ಉತ್ತರ, ಎಲ್ಲವೂ ಬೇರೆ ಬೇರೆ ಕಾಲಂಗಳಲ್ಲಿ ಸಿಗುತ್ತವೆ. ನಿಮ್ಮ ಜಾಲ ಮೊದಲು ಸೆಲೆಕ್ಟ್, ನಂತರ ಆಪರೇಟ್ ಎಂಬ ಕ್ರಮದಲ್ಲಿ ನಡೆಯುತ್ತಿದ್ದರೆ, ನಡುವೆ ಒಂಟಿಯಾಗಿ ಬಂದ ನೇರ ಆಪರೇಟ್, ಅಂದರೆ ಫಂಕ್ಷನ್ 5, ಕೂಡಲೇ ಎದ್ದು ಕಾಣಬೇಕು. ಫಂಕ್ಷನ್ 13 ಮತ್ತು 14 ಉಪಕರಣವನ್ನು ಮರುಆರಂಭಿಸುತ್ತವೆ. ನಿರ್ವಹಣೆಯ ದಿನ ಬಿಟ್ಟರೆ ಅವು ಕಾಣಿಸಬಾರದು. ರಿಲೇಯ ಉತ್ತರದಲ್ಲಿ ಬರುವ ಸ್ಥಿತಿ ಬಿಟ್‌ಗಳಲ್ಲಿ ‘ಈಗಷ್ಟೇ ಮರುಆರಂಭವಾದೆ’ ಎಂಬ ಬಿಟ್ ಕೂಡ ಇದೆ. ಯಾರೂ ಮುಟ್ಟದ ರಿಲೇ ಹಾಗೆಂದರೆ ಯಾರೋ ಮುಟ್ಟಿದ್ದಾರೆ ಎಂದೇ ಹಿಡಿದು ವಿಚಾರಿಸಿ.

ಇಲ್ಲಿ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. 2007ರಲ್ಲಿ ಇದೇ ಇಡಾಹೊ ಪ್ರಯೋಗಾಲಯದಲ್ಲಿ ಅರೋರಾ ಪರೀಕ್ಷೆ ನಡೆಯಿತು. 2.25 ಮೆಗಾವ್ಯಾಟ್ ಡೀಸೆಲ್ ಜನರೇಟರ್‌ನ ಬ್ರೇಕರನ್ನು ತೆರೆದು, ಗ್ರಿಡ್‌ನ ತಾಳ ತಪ್ಪಿದ ಕ್ಷಣದಲ್ಲಿ ಮತ್ತೆ ಮುಚ್ಚುತ್ತಾ ಹೋದಾಗ ಯಂತ್ರವೇ ಮುರಿದು ಹೊಗೆಯಾಡಿತು. ಅಂಥ ದಾಳಿಯಲ್ಲಿ ತೆರೆಯುವುದು ಮುಚ್ಚುವುದು ಸೆಕೆಂಡಿನೊಳಗೇ ಮುಗಿಯುತ್ತದೆ. ಮಾಲ್ಕಮ್‌ನಲ್ಲಿ ಆ ಸಾಲು ಕಾಣುವುದು ಲಾಗ್ ಸೆನ್ಸರ್‌ನಿಂದ ಹೊರಟು, ಲಾಗ್‌ಸ್ಟ್ಯಾಶ್ ದಾಟಿ, ಇಂಡೆಕ್ಸ್ ಆದ ಮೇಲೆ. ಅಲಾರಂ ಬರುವ ಹೊತ್ತಿಗೆ ಶಾಫ್ಟ್ ಮುರಿದಿರುತ್ತದೆ. ಅದನ್ನು ತಡೆಯುವುದು ತಾಳ ಹೊಂದಿದೆಯೇ ಎಂದು ನೋಡುವ, ಬ್ರೇಕರ್ ಬಳಿಯ ಸಿಂಕ್ ಚೆಕ್ ರಿಲೇ ಮತ್ತು ಮರುಮುಚ್ಚುವ ಮುನ್ನ ಕಾಯುವ ಟೈಮರ್. ಆ ಸೆಟ್ಟಿಂಗ್‌ಗಳನ್ನು ದೂರದಿಂದ ಬದಲಿಸಲು ಯಾರಾದರೂ ಯತ್ನಿಸಿದರೇ ಎಂದು ಕಾವಲು ಕಾಯುವುದಷ್ಟೇ ಮಾಲ್ಕಮ್‌ನ ಪಾತ್ರ. ರಕ್ಷಣೆಯ ಬದಲಿಗೆ ಇದನ್ನು ಕೊಳ್ಳುವವರು ತಪ್ಪು ವಸ್ತು ಕೊಳ್ಳುತ್ತಿದ್ದಾರೆ.

ಮಾಡ್‌ಬಸ್‌ಗೂ ಇದೇ ಆಳ ಇದೆ. ಯಾವ ಯೂನಿಟ್, ಯಾವ ರಿಜಿಸ್ಟರ್, ಯಾವ ಮೌಲ್ಯ ಬರೆದರು ಎಂಬವರೆಗೆ ವಿವರವಾದ ಲಾಗ್ ಸಿಗುತ್ತದೆ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ, 502ನೇ ಪೋರ್ಟ್ ತಲುಪಿದವನೇ ಒಡೆಯ. 2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ 600ಕ್ಕೂ ಹೆಚ್ಚು ಅಪಾರ್ಟ್‌ಮೆಂಟ್ ಕಟ್ಟಡಗಳ ಶಾಖ ಮತ್ತು ಬಿಸಿನೀರು ವ್ಯವಸ್ಥೆಯನ್ನು ಕೊರೆವ ಚಳಿಯಲ್ಲಿ ಕೆಡಿಸಿದ ಫ್ರಾಸ್ಟಿಗೂಪ್ ಎಂಬ ಮಾಲ್‌ವೇರ್ ಮಾಡಿದ್ದು ಇಷ್ಟೇ, ಮಾಡ್‌ಬಸ್ ಆದೇಶ ಕಳಿಸಿದ್ದು. ಹಾಗಾಗಿ ಫಂಕ್ಷನ್ 5, 6, 15, 16, ಅಂದರೆ ಬರೆಯುವ ಆದೇಶಗಳು, ಅಧಿಕೃತ ಒಂದೆರಡು ವಿಳಾಸಗಳನ್ನು ಬಿಟ್ಟು ಬೇರೆಲ್ಲಿಂದ ಬಂದರೂ ಎಚ್ಚರಿಕೆ ಕೊಡುವ ನಿಯಮ ಮೊದಲ ದಿನವೇ ಬರೆದಿಡಿ. ಓಪನ್‌ಸರ್ಚ್‌ನ ಅಲರ್ಟ್ ಸೌಲಭ್ಯದಲ್ಲಿ ಇದು ಹತ್ತು ನಿಮಿಷದ ಕೆಲಸ.

ಕುರುಡು ಜಾಗ ಗೇಟ್‌ವೇಯ ಆಚೆಗಿದೆ. ಜನರೇಟರ್ ನಿಯಂತ್ರಕಗಳು, ಟ್ಯಾಂಕ್ ಮಟ್ಟ ಅಳೆಯುವ ಸಾಧನಗಳು ಬಹಳ ಕಡೆ ಇನ್ನೂ ಆರ್‌ಎಸ್-485 ಸೀರಿಯಲ್ ತಂತಿಯಲ್ಲೇ ಇವೆ. ಈಥರ್‌ನೆಟ್‌ನಿಂದ ಸೀರಿಯಲ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆಯವರೆಗೆ ಮಾತ್ರ ಮಾಲ್ಕಮ್ ಕೇಳಬಲ್ಲದು. ಆಚೆ ನಡೆದದ್ದು ಗೊತ್ತಾಗುವುದಿಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ಕತ್ತಲಾದಾಗ, ದಾಳಿಕೋರರು ಆಪರೇಟರ್‌ಗಳ ಸ್ವಂತ ಪರದೆಯಿಂದಲೇ ಬ್ರೇಕರ್ ತೆರೆದರು. ಆಮೇಲೆ ಈ ಪರಿವರ್ತಕ ಪೆಟ್ಟಿಗೆಗಳ ಫರ್ಮ್‌ವೇರನ್ನೇ ಕೆಡಿಸಿದರು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಬೇಕಾಯಿತು. ಇದನ್ನೇ ಅಳತೆಗೋಲಾಗಿ ಹಿಡಿದರೆ ಮಾಲ್ಕಮ್ ಹೇಗೆ? ಅಧಿಕೃತ ಪರದೆಯಿಂದ ಬಂದ ಆದೇಶವಾದ್ದರಿಂದ ‘ಯಾರು’ ಎಂಬ ನಿಯಮ ಸೋಲುತ್ತದೆ. ನಿಮಿಷಕ್ಕೆ ಎಷ್ಟು ಟ್ರಿಪ್ ಎಂಬ ಎಣಿಕೆಯ ನಿಯಮ ಹಿಡಿಯುತ್ತದೆ. ಪರಿವರ್ತಕದ ನಿರ್ವಹಣಾ ಪೋರ್ಟ್‌ಗೆ ಹೊಸದಾಗಿ ತೆರೆದ ಸಂಪರ್ಕವೂ ಸೆನ್ಸರ್ ಆ ಸಬ್‌ಸ್ಟೇಷನ್‌ನಲ್ಲೇ ಇದ್ದರೆ ಸಿಕ್ಕೇ ಸಿಗುತ್ತದೆ. ಸೆನ್ಸರ್ ಅನ್ನು ಕಂಟ್ರೋಲ್ ರೂಮಿನಲ್ಲಿ ಮಾತ್ರ ಇಟ್ಟು ಕೂತವರಿಗೆ ಇದು ಸಿಗುವ ಭರವಸೆಯಿಲ್ಲ.

ಕೈಪಿಡಿ ಓದಿದವರೂ ಮರೆಯುವ ಎರಡು ಸಂಗತಿಗಳಿವೆ. ಒಂದು, ಝೀಕ್ ಸಂಪರ್ಕದ ಲಾಗನ್ನು ಸಂಪರ್ಕ ಮುಗಿದ ಮೇಲೆ ಬರೆಯುತ್ತದೆ. ಸ್ಕಾಡಾ (ದೂರದಿಂದ ನಿಗಾ, ನಿಯಂತ್ರಣ ನಡೆಸುವ ವ್ಯವಸ್ಥೆ) ಸಂಪರ್ಕಗಳು ವಾರಗಟ್ಟಲೆ ತೆರೆದೇ ಇರುತ್ತವೆ, ಹಾಗಾಗಿ ಸಂಪರ್ಕಗಳ ಪಟ್ಟಿಯಲ್ಲಿ ಅತಿಮುಖ್ಯ ಸಂಪರ್ಕವೇ ಕಾಣದಿರುವುದುಂಟು. ಗಾಬರಿ ಬೇಡ, ಡಿಎನ್‌ಪಿ3, ಮಾಡ್‌ಬಸ್ ಲಾಗ್‌ಗಳು ಪ್ರತಿ ಆದೇಶಕ್ಕೂ ಆಗಾಗಲೇ ಬರೆಯಲ್ಪಡುತ್ತವೆ, ಅವನ್ನೇ ನೋಡಿ. ಆದರೆ ಸೆನ್ಸರ್ ಹಚ್ಚುವ ಮುಂಚೆಯೇ ತೆರೆದಿದ್ದ ಸಂಪರ್ಕದ ನಡುವೆ ನುಗ್ಗಿದರೆ ಪ್ರೋಟೋಕಾಲ್ ಬಿಡಿಸದೆ ಹೋಗುವುದೂ ಉಂಟು. ನಿಗದಿತ ನಿರ್ವಹಣಾ ವೇಳೆಯಲ್ಲಿ ಮಾಸ್ಟರ್‌ನ (ಉಪಕರಣಗಳನ್ನು ವಿಚಾರಿಸುವ ಸರ್ವರ್‌ನ) ಸಂಪರ್ಕಗಳನ್ನು ಒಮ್ಮೆ ಮುಚ್ಚಿ ತೆರೆಸಿ. ಎರಡು, ಸಬ್‌ಸ್ಟೇಷನ್ ಸಂವಹನದ ಮಾನದಂಡವಾದ ಐಇಸಿ 61850ರ ಗೂಸ್ ಸಂದೇಶಗಳು ಐಪಿ ಇಲ್ಲದೆ ನೇರ ಈಥರ್‌ನೆಟ್ ಮೇಲೆ ಓಡುತ್ತವೆ, ಅವುಗಳ ಈಥರ್‌ಟೈಪ್ (ಪ್ಯಾಕೆಟ್ ಯಾವ ಬಗೆಯದೆಂದು ಹೇಳುವ ಗುರುತು) 88ಬಿ8. ಐಪಿ ಸಂಪರ್ಕಗಳ ಲಾಗ್‌ನಲ್ಲಿ ಅವು ಬರುವುದೇ ಇಲ್ಲ. ನಿಮ್ಮ ರಿಲೇಗಳು ಪರಸ್ಪರ ಟ್ರಿಪ್ ಆದೇಶ ಕೊಡುವುದು ಗೂಸ್‌ನಲ್ಲಾದರೆ, ಮಾಲ್ಕಮ್ ಒಪ್ಪುವ ಮುನ್ನ ಅರ್ಧ ಗಂಟೆಯ ಪ್ಯಾಕೆಟ್ ಹಿಡಿದು, ಅಪ್‌ಲೋಡ್ ಪುಟದಲ್ಲಿ ಹಾಕಿ, ಏನು ಕಾಣುತ್ತದೆ ಎಂದು ನಿಮ್ಮ ಆವೃತ್ತಿಯಲ್ಲೇ ಪರೀಕ್ಷಿಸಿ. 2404ನೇ ಪೋರ್ಟ್‌ನಲ್ಲಿ ಓಡುವ ಐಇಸಿ 104 ಪ್ರೋಟೋಕಾಲ್‌ಗೂ ಇದೇ ಪರೀಕ್ಷೆ ಮಾಡಿ. 2016ರ ಡಿಸೆಂಬರ್‌ನಲ್ಲಿ ಕೀವ್ ಬಳಿಯ ಸಬ್‌ಸ್ಟೇಷನ್ನಿಗೆ ಕತ್ತಲು ತಂದ ಇಂಡಸ್ಟ್ರಾಯರ್ ಎಂಬ ಮಾಲ್‌ವೇರ್‌ಗೆ 104 ಮತ್ತು 61850 ಎರಡೂ ಮಾತಾಡಲು ಬರುತ್ತಿತ್ತು.

ನೆಟ್‌ಬಾಕ್ಸ್ ಪಟ್ಟಿಯನ್ನು ಜಾಲದ ಮಾತು ಕೇಳಿ ತಾನೇ ತುಂಬಿಸಿಕೊಳ್ಳುವ ಸೌಲಭ್ಯ ಆಕರ್ಷಕ. ಒಂದು ವಾರ ಓಡಲು ಬಿಡಿ, ನಂತರ ಆಫ್ ಮಾಡಿ, ಪಟ್ಟಿಯನ್ನು ಕಾಗದದ ಸಿಂಗಲ್ ಲೈನ್ ಡಯಾಗ್ರಾಮ್ (ವಿದ್ಯುತ್ ಜಾಲದ ನಕ್ಷೆ) ಜೊತೆ ಹೋಲಿಸಿ ತಿದ್ದಿ. ಸದಾ ಹಚ್ಚಿಟ್ಟರೆ ಒಳನುಗ್ಗಿದವನ ಲ್ಯಾಪ್‌ಟಾಪ್ ಕೂಡ ಮರುದಿನ ಅಧಿಕೃತ ಉಪಕರಣವಾಗಿ ಪಟ್ಟಿಯಲ್ಲಿ ಕೂತಿರುತ್ತದೆ.

2023ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವೋಲ್ಟ್ ಟೈಫೂನ್ ಎಂಬ ಚೀನೀ ಹ್ಯಾಕರ್ ಗುಂಪಿನ ಪ್ರಕರಣ ಈ ಬಗೆಯ ಸಾಧನಕ್ಕೆ ಅರ್ಥ ಕೊಟ್ಟಿತು. ಗುವಾಮ್ ಸೇರಿದಂತೆ ಸೇನೆಗೆ ಆಧಾರವಾದ ಕಡೆಗಳ ನಾಗರಿಕ ಮೂಲಸೌಕರ್ಯದಲ್ಲಿ ಅವರು ಮಾಲ್‌ವೇರ್ ಹರಡಿರಲಿಲ್ಲ. ಯಂತ್ರಗಳಲ್ಲಿ ಮೊದಲೇ ಇರುವ ಸಾಧನಗಳನ್ನೇ, ಕದ್ದ ಪಾಸ್‌ವರ್ಡ್‌ಗಳಿಂದ, ಬಳಸಿಕೊಂಡಿದ್ದರು. ಆಂಟಿವೈರಸ್‌ಗೆ ಹಿಡಿಯಲು ಅಲ್ಲಿ ಏನೂ ಇಲ್ಲ. ಎಂದೂ ರಿಮೋಟ್ ಡೆಸ್ಕ್‌ಟಾಪ್ ಬಳಸದ ಎಂಜಿನಿಯರಿಂಗ್ ಕಂಪ್ಯೂಟರಿಗೆ ನಡುರಾತ್ರಿ ಬಂದ ಒಂದು ಲಾಗಿನ್, ಅಷ್ಟೇ ಸುಳಿವು. ಮಾಲ್ಕಮ್ ಅದನ್ನು ತೋರಿಸುತ್ತದೆ, ನೋಡುವವರು ಬೇಕು.

ನೋಡುವವರು ಎಂಬ ಮಾತಿನಲ್ಲೇ ಇದರ ನಿಜವಾದ ಬೆಲೆ ಇದೆ. ಲಿನಕ್ಸ್ ಮತ್ತು ಡಾಕರ್ ಬಲ್ಲ ಒಬ್ಬರು, ರಿಲೇ ಮತ್ತು ಸ್ಕಾಡಾ ಬಲ್ಲ ಒಬ್ಬರು, ವಾರಕ್ಕೆ ಒಂದು ದಿನವಾದರೂ ಜೊತೆಗೆ ಕೂರಬೇಕು. ಡ್ರಾಗೋಸ್, ನೊಝೋಮಿ, ಕ್ಲಾರೋಟಿಯಂಥ ವಾಣಿಜ್ಯ ಸಾಧನಗಳು ಸಿದ್ಧ ಎಚ್ಚರಿಕೆಗಳನ್ನೂ ಕಂಪನಿಯ ಬೆಂಬಲವನ್ನೂ ಕೊಡುತ್ತವೆ. ಇಬ್ಬರು ಜನ ಇಲ್ಲದ ಘಟಕಕ್ಕೆ ಅವೇ ಸರಿ. ಜನ ಇದ್ದಲ್ಲಿ ಮಾಲ್ಕಮ್ ಮೇಲು, ಏಕೆಂದರೆ ಪ್ರತಿ ಲಾಗ್ ಯಾವ ಪ್ಯಾಕೆಟ್‌ನಿಂದ ಬಂತೆಂದು ಕೊನೆಯ ಬೈಟ್‌ವರೆಗೆ ತೆರೆದು ನೋಡಬಹುದು.

ಇಂಟರ್‌ನೆಟ್ ಇಲ್ಲದ ಜಾಲದಲ್ಲಿ ನವೀಕರಣ ತುಸು ಹೊರೆ. ಕಂಟೇನರ್ ಇಮೇಜ್‌ಗಳನ್ನು ಹೊರಗೆ ಇಳಿಸಿ, ಹ್ಯಾಶ್ ತಾಳೆ ನೋಡಿ, ಪರಿಶೀಲಿಸಿದ ಡಿಸ್ಕ್‌ನಲ್ಲಿ ಒಳಗೊಯ್ಯಬೇಕು. ಸುರಿಕಾಟ ನಿಯಮಗಳಿಗೂ ಅದೇ ದಾರಿ. ಹಳೆಯ ಆವೃತ್ತಿಯ ಇಮೇಜ್ ಕಟ್ಟು ಕಪಾಟಿನಲ್ಲಿರಲಿ. ಸರ್ವರ್ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡದೆ ಇಡಬೇಡಿ: 90 ದಿನಗಳ ಲೋಡ್ ಏರಿಳಿತ, ಇಂಧನ ಟ್ಯಾಂಕ್‌ಗಳ ಮಟ್ಟ ಒಂದೆಡೆ ಸಿಕ್ಕರೆ ನೆಲೆಯ ಸಿದ್ಧತೆ ಎಷ್ಟೆಂದು ಯಾರಾದರೂ ಓದಬಲ್ಲರು. ಮಾಲ್ಕಮ್ ಸರ್ವರ್ ನೆಲೆಯ ಒಳಗೇ ಇರಲಿ. 2022ರ ಫೆಬ್ರವರಿ 24ರಂದು ವಯಾಸ್ಯಾಟ್ ಉಪಗ್ರಹ ಮೋಡೆಮ್‌ಗಳ ಮೇಲೆ ದಾಳಿಯಾದಾಗ ಗುರಿ ಉಕ್ರೇನ್ ಆಗಿದ್ದರೂ, ಜರ್ಮನಿಯ ಎನರ್ಕಾನ್ ಕಂಪನಿಯ 5,800 ಗಾಳಿಯಂತ್ರಗಳ ದೂರ ನಿಗಾ ಕಡಿದುಹೋಯಿತು. ಸೆನ್ಸರ್‌ಗಳು ಅಂಥ ಕೊಂಡಿಯ ಮೇಲೆ ನಿಂತಿದ್ದರೆ ಬೇಕಾದ ದಿನವೇ ಕುರುಡಾಗುತ್ತವೆ.

ಈಗ ಎರಡನೇ ರಾಗಕ್ಕೆ ಬರೋಣ. ಟ್ರಿಪ್ ಎಣಿಸುವ ನಿಯಮ, ಉದಾಹರಣೆಗೆ ಒಂದು ನಿಮಿಷದಲ್ಲಿ ಮೂರಕ್ಕಿಂತ ಹೆಚ್ಚು ಟ್ರಿಪ್, ಸಾಮಾನ್ಯ ದಿನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಿಡ್ ಹೋದ ಕ್ಷಣ ಲೋಡ್‌ಶೆಡ್ಡಿಂಗ್ ನಿಯಂತ್ರಕವೇ ಹತ್ತಾರು ಟ್ರಿಪ್‌ಗಳನ್ನು ಒಟ್ಟಿಗೆ ಕಳಿಸುತ್ತದೆ, ಪರದೆ ತುಂಬ ಕೆಂಪು. ಅದಕ್ಕೆ ಬೇಸತ್ತು ‘ಗ್ರಿಡ್ ಇಲ್ಲದಾಗ ಈ ನಿಯಮ ಬೇಡ’ ಎಂದು ಬರೆದಿಟ್ಟರೆ, ದಾಳಿಕೋರ ಕಾಯುವುದೇ ಆ ಹೊತ್ತಿಗಾಗಿ. ವಿನಾಯಿತಿ ಬಿಗಿಯಾಗಿರಬೇಕು: ಆದೇಶ ಲೋಡ್‌ಶೆಡ್ಡಿಂಗ್ ನಿಯಂತ್ರಕದ ವಿಳಾಸದಿಂದಲೇ ಬಂದಿರಬೇಕು, ಪಾಯಿಂಟ್ ಸಂಖ್ಯೆ ಕಡಿತದ ಪಟ್ಟಿಯಲ್ಲೇ ಇರಬೇಕು, ಮುಖ್ಯ ಬ್ರೇಕರ್ ತೆರೆದ ದಾಖಲೆ ಅದಕ್ಕೂ ಮುಂಚೆ ಇರಬೇಕು. ಮೊದಲೆರಡನ್ನು ಅಲರ್ಟ್ ನಿಯಮದಲ್ಲೇ ಬರೆಯಬಹುದು, ಮೂರನೆಯದನ್ನು ಕಾವಲಿಗೆ ಕೂತವರು ಕಣ್ಣಾರೆ ನೋಡಬೇಕು.

ಈ ಪಟ್ಟಿ ಕಾಗದದಿಂದ ಪೂರ್ತಿ ಸಿಗದು. ನೆಲೆ ಗ್ರಿಡ್‌ನಿಂದ ಕಳಚಿಕೊಂಡು ಸ್ವಂತ ವಿದ್ಯುತ್‌ನಲ್ಲಿ ನಡೆಯುವ ಅಭ್ಯಾಸದ ದಿನವೇ ಹಿಡಿಯಬೇಕು. ಒಂದು ವಾರ ಮುಂಚೆ ಸೆನ್ಸರ್‌ಗಳು ಓಡುತ್ತಿರಲಿ. ಸೆನ್ಸರ್, ರಿಲೇ, ಸರ್ವರ್ ಮೂರರ ಗಡಿಯಾರವೂ ಒಂದೇ ಮೂಲದಿಂದ ಸರಿಹೊಂದಿವೆಯೇ ನೋಡಿ, ರಿಲೇಗಳ ಘಟನಾ ದಾಖಲೆ ಮಿಲಿಸೆಕೆಂಡಿನಲ್ಲಿರುತ್ತದೆ, ಸೆನ್ಸರ್ ಹತ್ತು ಸೆಕೆಂಡ್ ಹಿಂದಿದ್ದರೆ ಎರಡೂ ಹೊಂದುವುದಿಲ್ಲ. ಬ್ರೇಕರ್ ತೆರೆದದ್ದು, ಜನರೇಟರ್ ಎದ್ದದ್ದು, ಸಿಂಕ್ ಆದದ್ದು, ಗ್ರಿಡ್‌ಗೆ ಮರಳಿದ್ದು ಒಬ್ಬರು ಸಮಯಸಹಿತ ಬರೆದುಕೊಳ್ಳಲಿ. ಆ ದಿನದ ಪ್ಯಾಕೆಟ್‌ಗಳನ್ನು ಬೇರೆ ಟ್ಯಾಗ್ ಕೊಟ್ಟು ಮತ್ತೆ ಅಪ್‌ಲೋಡ್ ಮಾಡಿದರೆ ಮುಂದೆ ಎಂದು ಬೇಕಾದರೂ ಹೋಲಿಸಬಹುದು, ಹಳೆಯ ಪ್ಯಾಕೆಟ್ ಅಳಿಸುವಾಗ ಕಳೆದುಹೋಗದಂತೆ ಒಂದು ಪ್ರತಿ ಹೊರಗಿಡಿ.

ಅಭ್ಯಾಸದ ದಿನವೇ ಬಯಲಾಗುವ ತಪ್ಪೊಂದಿದೆ. ಸೆನ್ಸರ್‌ಗೆ ಯುಪಿಎಸ್ ಇರುತ್ತದೆ, ಅದಕ್ಕೆ ಪ್ಯಾಕೆಟ್ ಕೊಡುವ ಸ್ವಿಚ್‌ಗೆ ಇರುವುದಿಲ್ಲ. ಗ್ರಿಡ್ ಹೋಗಿ ಜನರೇಟರ್ ಬರುವ ನಡುವಿನ ಸುಮಾರು 10 ಸೆಕೆಂಡ್, ನಂತರ ಸ್ವಿಚ್ ಮತ್ತೆ ಎದ್ದೇಳುವ ಒಂದೆರಡು ನಿಮಿಷ ದಾಖಲೆಯಲ್ಲಿ ಖಾಲಿ. ಇಡೀ ವರ್ಷದಲ್ಲಿ ಹಿಡಿಯಲೇಬೇಕಾದ ಆದೇಶಗಳು ಓಡುವುದು ಅದೇ ಹೊತ್ತಿನಲ್ಲಿ. ಸ್ವಿಚ್ ಮತ್ತು ಟ್ಯಾಪ್‌ಗಳನ್ನೂ ಅದೇ ಯುಪಿಎಸ್‌ಗೆ ಸೇರಿಸಿ. ಆ ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್ ಇರುವ ಪೋರ್ಟನ್ನೂ ಮಿರರ್‌ಗೆ ಹಾಕಿ: 2015ರಲ್ಲಿ ಉಕ್ರೇನಿನ ದಾಳಿಕೋರರು ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಆರಿಹೋಗುವಂತೆ ಮೊದಲೇ ಸಮಯ ಗೊತ್ತುಮಾಡಿಟ್ಟಿದ್ದರು.